ಸಫಾರಿ ಕ್ಯಾನ್ಸಲ್ ಆಯ್ತು, ರಿಫಂಡ್ ಬಂತು. ಆಮೇಲೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಹಿಂದೆ ಸದ್ದು ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ. ನಾನಿರೋದು ಹೆಬ್ಬಗೋಡಿ, ಹೊಸೂರು ರಸ್ತೆಯ ಪಕ್ಕ. ರಾತ್ರಿ ಹನ್ನೊಂದಾದರೂ ಇಲ್ಲಿ ಲಾರಿ ನಿಲ್ಲಲ್ಲ. ಎರಡು ಸಲ ರೆಕಾರ್ಡ್ ಮಾಡಿ ಅಳಿಸಿದೆ, ಇದು ಮೂರನೇದು. ಇನ್ನು ಅಳಿಸಲ್ಲ.

ವಿಷಯ ಸಫಾರಿ. ಶುರುವಾಗಿದ್ದು ಆಫೀಸಿನ ಪ್ಯಾಂಟ್ರಿಯಲ್ಲಿ. ನಮ್ಮ ಟೀಮಿನವರೊಬ್ಬರು ಕೀನ್ಯಾದ ಮಸಾಯಿ ಮಾರಾಗೆ ಹೋಗಿ ಬಂದರು. ಗಂಡ, ಹೆಂಡತಿ, ಆರು ದಿನ, ಖರ್ಚು ಐದು ಲಕ್ಷ ದಾಟಿತಂತೆ. ಊಟ ಮುಗಿಸಿ ಎಲ್ಲರೂ ಅವರ ಫೋನ್ ಸುತ್ತ ನಿಂತೆವು. ಬೆಳಗಿನ ಜಾವ ಬಿಸಿಗಾಳಿಯ ಬಲೂನ್. ಮಾರಾ ನದಿಗೆ ಸಾಲುಸಾಲಾಗಿ ಧುಮುಕೋ ವೈಲ್ಡ್‌ಬೀಸ್ಟ್. ಕಣ್ಣಿಗೆ ಕಾಣೋವಷ್ಟು ದೂರ ಹುಲ್ಲು, ನಡುವೆ ಒಂದೇ ಮರ, ಅದರ ಕೆಳಗೆ ಸಿಂಹದ ಕುಟುಂಬ ನಮ್ಮ ಭಾನುವಾರದ ಮಧ್ಯಾಹ್ನದ ಹಾಗೆ ಬಿದ್ದುಕೊಂಡಿದೆ. ಮೀಸಲು ಪ್ರದೇಶದ ಪ್ರವೇಶ ಶುಲ್ಕವೇ ಜುಲೈನಿಂದ ಡಿಸೆಂಬರ್‌ವರೆಗೆ ವಿದೇಶಿ ಪ್ರವಾಸಿಗೆ ದಿನಕ್ಕೆ 200 ಡಾಲರ್. ಹಳದಿ ಜ್ವರದ ಲಸಿಕೆ ಬೇರೆ. ಅದರ ಸರ್ಟಿಫಿಕೇಟ್ ಇಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲಿ ಕ್ವಾರಂಟೈನ್ ಮಾಡಬಹುದು.

ನಮಗೆ ಅಷ್ಟು ಶಕ್ತಿ ಇಲ್ಲ, ಕಬಿನಿಗಾದರೂ ಹೋಗೋಣ ಅಂತ ಆರು ಜನ ಸೇರಿ ಬುಕ್ ಮಾಡಿದೆವು. 2025ರ ನವೆಂಬರ್ 8, ಎರಡನೇ ಶನಿವಾರ. ಹಿಂದಿನ ದಿನ ಸಂಜೆ, ಅಂದರೆ 7ನೇ ತಾರೀಕು ಶುಕ್ರವಾರ, ಬ್ಯಾಗ್ ತುಂಬಿಸ್ತಾ ಇದ್ದೆ. ವಾಟ್ಸ್‌ಆಪ್‌ನಲ್ಲಿ ಸುದ್ದಿ ಬಂತು: ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಬಂದ್. ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ಮತ್ತೊಬ್ಬ ರೈತ ಬಲಿಯಾಗಿದ್ದರು. ಸಫಾರಿ ನಿಲ್ಲಿಸಿ, ಅದರ ಸಿಬ್ಬಂದಿಯನ್ನೂ ಚಾಲಕರನ್ನೂ ಹುಲಿ ಹಿಡಿಯೋ ಕಾರ್ಯಾಚರಣೆಗೆ ಕಳಿಸಿ ಅಂತ ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚನೆ ಕೊಟ್ಟಿದ್ದರು.

ಈಗ ಸತ್ಯ ಹೇಳಿಬಿಡ್ತೀನಿ. ನಮ್ಮ ಗ್ರೂಪಿನಲ್ಲಿ ಬಂದ ಮೊದಲ ಮೆಸೇಜ್ 'ರಿಫಂಡ್ ಆಗುತ್ತಾ?' ಅನ್ನೋದು. ಕಳಿಸಿದ್ದು ನಾನೇ.

ನಾನು ಕಬಿನಿ ನೋಡದವನೇನಲ್ಲ. 2023ರಲ್ಲಿ ಒಮ್ಮೆ ಹೋಗಿದ್ದೆ, ರೆಸಾರ್ಟ್ ಲೆಕ್ಕದಲ್ಲಿ ಅಲ್ಲ, ಅರಣ್ಯ ಇಲಾಖೆಯ ಬಸ್ಸಿನಲ್ಲಿ. ಮಧ್ಯರಾತ್ರಿ ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟು, ನೈಸ್ ರಸ್ತೆ ಹಿಡಿದು, ಮೈಸೂರು ದಾಟಿ, ಎಚ್.ಡಿ. ಕೋಟೆ, ಅಂತರಸಂತೆ, ಬೆಳಗಾಗೋ ಹೊತ್ತಿಗೆ ದಮ್ಮನಕಟ್ಟೆ ಗೇಟ್. ನಿದ್ದೆಗೆಟ್ಟ ಕಣ್ಣು, ಬಾಯಲ್ಲಿ ಹೆದ್ದಾರಿ ಕಾಫಿಯ ಕಹಿ. ಬಸ್ ಒಳಗೆ ಹೋದ ಹತ್ತು ನಿಮಿಷಕ್ಕೆ ಅರ್ಥವಾಯಿತು, ನಮ್ಮ ಕಾಡು ಟಿವಿಯಲ್ಲಿ ನೋಡಿದ ಆಫ್ರಿಕಾ ಅಲ್ಲ ಅಂತ. ತೇಗ, ಮತ್ತಿ, ಅದರಡಿ ಗೋಡೆ ಕಟ್ಟಿದ ಹಾಗೆ ಲಂಟಾನ. ಇಪ್ಪತ್ತು ಅಡಿ ಆಚೆ ಏನಿದೆ ಅಂತ ಕಾಣಲ್ಲ. ಅಲ್ಲಿ ಸಫಾರಿ ಮಾಡೋದು ಕಣ್ಣಿನಿಂದ ಅಲ್ಲ, ಕಿವಿಯಿಂದ.

ಡ್ರೈವರ್ ಒಂದು ತಿರುವಿನಲ್ಲಿ ಎಂಜಿನ್ ಆಫ್ ಮಾಡಿದರು. ಮೊದಲು ಮುಸುವ ಮರದ ಮೇಲಿಂದ ಕೆಮ್ಮಿದ ಹಾಗೆ ಕೂಗಿತು. ಆಮೇಲೆ ಜಿಂಕೆ. 'ಜಿಂಕೆ ಗಾಬರಿ ಬಿದ್ದು ಸುಮ್ಮನೂ ಕೂಗ್ತದೆ, ನಂಬಂಗಿಲ್ಲ. ಕಡವೆ ಕೂಗಲಿ, ತಡೀರಿ' ಅಂದರು. ಎರಡು ನಿಮಿಷ ಬಿಟ್ಟು ಕಡವೆ ಕೂಗಿತು, ತಗಡಿನ ಡಬ್ಬಕ್ಕೆ ಒಂದೇ ಏಟು ಹಾಕಿದ ಹಾಗೆ. ಬಸ್ಸಿನಲ್ಲಿ ಅಳ್ತಾ ಇದ್ದ ಮಗೂ ಸುಮ್ಮನಾಯಿತು. ಇಪ್ಪತ್ತೈದು ನಿಮಿಷ ಕಾದೆವು. ಹುಲಿ ಬರಲಿಲ್ಲ. ವಾಪಸ್ ಬರೋವಾಗ ಹಿನ್ನೀರಿನ ಅಂಚಿನಲ್ಲಿ ಆನೆ ಹಿಂಡು, ದೂರದಲ್ಲಿ ಕಾಟಿ, ರಸ್ತೆಯಲ್ಲೇ ಮಲಗಿದ್ದ ಮೂರು ಸೀಳುನಾಯಿ. ಪಕ್ಕದ ಸೀಟಿನವರು 'ಏನೂ ಕಾಣಲಿಲ್ಲ, ದುಡ್ಡು ವೇಸ್ಟ್' ಅಂದರು. ನನಗೆ ಮಾತ್ರ ಆ ಇಪ್ಪತ್ತೈದು ನಿಮಿಷ ಇವತ್ತಿಗೂ ನೆನಪಿದೆ.

ಆ ಹಿನ್ನೀರೂ ಸಹಜವಾದದ್ದಲ್ಲ. ಅಲ್ಲಿದ್ದದ್ದು ಕಾಕನಕೋಟೆ ಕಾಡು, ಮೈಸೂರು ಮಹಾರಾಜರ ಕಾಲದ ಖೆಡ್ಡಾ ನಡೀತಿದ್ದ ಜಾಗ. ಆನೆ ಹಿಂಡನ್ನು ಓಡಿಸಿ ಹಿಡಿಯೋ ಕೆಲಸ 1970ರ ದಶಕದ ಆರಂಭದವರೆಗೂ ಇತ್ತು. 1974ರಲ್ಲಿ ಬೀಚನಹಳ್ಳಿ ಹತ್ತಿರ ಅಣೆಕಟ್ಟು ಆಯಿತು, ಊರೂ ಕಾಡೂ ಮುಳುಗಿದವು, ಹಾಡಿಗಳಲ್ಲಿದ್ದ ಜೇನುಕುರುಬರು ಜಾಗ ಬಿಟ್ಟರು. ಬೇಸಿಗೆಯಲ್ಲಿ ನೀರು ಇಳಿದಾಗ ಅಂಚಿನಲ್ಲಿ ಹಸಿರು ಹುಲ್ಲು ಬರುತ್ತೆ, ಅದಕ್ಕೇ ಅಷ್ಟೊಂದು ಆನೆ ಸೇರೋದು. ರಾಜ್ಯ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಜೊತೆ ಸೇರಿ 1980ರಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಶುರು ಮಾಡಿತು. ಕಬಿನಿಯ ಲಾಡ್ಜ್‌ಗೆ ಹೆಸರು ತಂದವರು ಕರ್ನಲ್ ಜಾನ್ ವೇಕ್‌ಫೀಲ್ಡ್, ಹಳೇ ಬೇಟೆಗಾರ. ಮಹಾರಾಜರ ಬೇಟೆ ಬಂಗಲೆ ಪ್ರವಾಸಿಗರ ಬಂಗಲೆ ಆಯಿತು, ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು. ಹಿನ್ನೀರಿನ ಸುತ್ತ ಖಾಸಗಿ ರೆಸಾರ್ಟ್‌ಗಳೆಲ್ಲ ಅದರ ನಂತರದವು.

ಸರಿ, ಆ ಶುಕ್ರವಾರಕ್ಕೆ ಬರ್ತೀನಿ. ನಮ್ಮ ಕಟ್ಟಡದ ರಾತ್ರಿ ಪಾಳಿ ಸೆಕ್ಯೂರಿಟಿ ಅಣ್ಣ ಸರಗೂರು ಕಡೆಯವರು. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ. ಕೆಳಗೆ ಹೋಗಿ 'ಅಣ್ಣ, ನಿಮ್ಮೂರಿಗೆ ಹೊರಟಿದ್ದೆ, ಕ್ಯಾನ್ಸಲ್ ಆಯ್ತು' ಅಂದೆ. ತಮಾಷೆಗೆ ಅಂದಿದ್ದು.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಮ್ಮೂರಲ್ಲಿ ಈಗ ಹತ್ತಿ ಬಿಡಿಸೋ ಕಾಲ ಸಾರ್. ಬಗ್ಗಿಕೊಂಡೇ ಬಿಡಿಸಬೇಕು. ಬಗ್ಗಿದವನು ಹುಲಿಗೆ ಮನುಷ್ಯನ ಹಂಗೆ ಕಾಣಲ್ವಂತೆ. ಹೆಂಗಸರು ಒಬ್ಬೊಬ್ಬರೇ ಹೊಲಕ್ಕೆ ಹೋಗಂಗಿಲ್ಲ, ಐದು ಗಂಟೆಗೇ ದನ ಕಟ್ಟಿಬಿಡ್ತಾರೆ' ಅಂದರು. ಕುರ್ಚಿ ಎಳೆದು ಕೊಟ್ಟರು. ಒಂದೂವರೆ ಗಂಟೆ ಕೂತೆ.

ಅವರ ಮನೆ ಕಥೆ ಕೇಳಿ. ಊರಲ್ಲಿ ಅವರ ಅಣ್ಣನಿಗೆ ಎರಡು ಎಕರೆ, ಕಾಡಂಚಿನಲ್ಲಿ. ಸಫಾರಿ ಮುಚ್ಚಿ ಅಂತ ನಡೆದ ಪ್ರತಿಭಟನೆಗೆ ಅಣ್ಣ ಹೋಗಿದ್ದರು. ದಿನಾ ಬೆಳಿಗ್ಗೆ, ಸಂಜೆ ಜೀಪು, ಬಸ್ಸು ನುಗ್ಗಿಸಿ ಹುಲಿಗಳನ್ನ ಹೊಲಕ್ಕೆ ಓಡಿಸ್ತಿದ್ದಾರೆ ಅನ್ನೋದು ಅವರ ದೂರು. ಆ ಅಣ್ಣನ ಮಗ ಒಂದು ರೆಸಾರ್ಟಿನಲ್ಲಿ ರೂಮ್ ಬಾಯ್. ಸಫಾರಿ ನಿಂತ ಮೇಲೆ ಬುಕಿಂಗ್ ಬಿದ್ದು, 'ಕರೆದಾಗ ಬಾ' ಅಂತ ಮನೆಗೆ ಕಳಿಸಿದರು. ಒಂದೇ ಮನೆ, ಒಂದೇ ತಟ್ಟೆ. ಅಪ್ಪ ಮುಚ್ಚಲಿ ಅಂತಾನೆ, ಮಗ ತೆರೀಲಿ ಅಂತಾನೆ. 'ಇಬ್ಬರೂ ನಂಗೇ ಫೋನ್ ಮಾಡ್ತಾರೆ, ನಾನೇನು ಮಂತ್ರಿಯಾ ಸಾರ್?' ಅಂದರು.

ಅಪ್ಪನ ದೂರು ನಿಜವಾ? ಸ್ವಲ್ಪ ಓದಿದೆ. ನೇರವಾಗಿ ಹೌದು ಅನ್ನೋದು ಕಷ್ಟ. 2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿ, ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಹುಲಿಗೆ ಅದರದೇ ಸರಹದ್ದು ಬೇಕು. ವಯಸ್ಸಾದದ್ದು, ಗಾಯಗೊಂಡದ್ದು, ತಾಯಿಯಿಂದ ಬೇರೆಯಾದ ಎಳೇ ಹುಲಿ, ಬಲಶಾಲಿಗಳು ತಳ್ಳಿದಾಗ ಅಂಚಿಗೆ ಬರ್ತವೆ. ಅಂಚಿನಲ್ಲಿ ದನ ಸುಲಭವಾಗಿ ಸಿಗುತ್ತೆ. ಲಂಟಾನ ಹಬ್ಬಿದ ಕಡೆ ಹುಲ್ಲು ಬೆಳೆಯಲ್ಲ, ಹುಲ್ಲಿಲ್ಲದ ಕಡೆ ಜಿಂಕೆ ನಿಲ್ಲಲ್ಲ. ಇನ್ನು ಸಫಾರಿ ಇಡೀ ಕಾಡಲ್ಲಿ ನಡೆಯೋದೂ ಇಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಕಾಡುಗಳ ನಡುಭಾಗದಲ್ಲಿ ಪ್ರವಾಸೋದ್ಯಮವನ್ನೇ ಮೂರು ತಿಂಗಳು ತಡೆದಿತ್ತು. ಆಮೇಲೆ ಬಂದ ನಿಯಮದಲ್ಲಿ ಆ ನಡುಭಾಗದ ಶೇ 20ರಷ್ಟು ಜಾಗವನ್ನು ಮಾತ್ರ ಬಳಸಬಹುದು ಅಂತಾಯಿತು. ಅಷ್ಟರಿಂದಲೇ ಹುಲಿ ಊರಿಗೆ ಬಂತು ಅನ್ನೋದು ನನಗೆ ಒಪ್ಪಿಗೆಯಾಗಲಿಲ್ಲ.

ಆದರೆ ಅಣ್ಣನ ಇನ್ನೊಂದು ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. 'ಹುಲಿ ಕಾಣಿಸಿತು ಅಂತ ಸಾಯಂಕಾಲ ಫೋನ್ ಮಾಡಿದ್ರೆ ಗಾರ್ಡು ಜೀಪಿಲ್ಲ ಅಂತಾರೆ. ಅದೇ ಹೊತ್ತಿಗೆ ಜೀಪಿನ ತುಂಬ ನಿಮ್ಮಂಥವರು ಹೋಗ್ತಿರ್ತೀರಿ.' ನಿಮ್ಮಂಥವರು ಅಂದಾಗ ಅವರು ಮುಖ ನೋಡಲಿಲ್ಲ.

ನಾನು ಓದಿದ್ದು ಬಿ.ಕಾಂ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಮೊದಲು ಕಲಿಸೋದೇ ಯಾವ ಖರ್ಚನ್ನ ಯಾರ ಹೆಸರಿಗೆ ಬರೀಬೇಕು ಅನ್ನೋದನ್ನ. ನನ್ನ ಕಬಿನಿ ಬಿಲ್ ತೆಗೆದು ನೋಡಿದೆ. ರೂಮು, ಊಟ, ಸಫಾರಿ, ಕ್ಯಾಮೆರಾ, ಜಿಎಸ್‌ಟಿ. ಹುಲಿ ಬದುಕಿರೋದಕ್ಕೆ ಆಗೋ ಖರ್ಚು, ಅಂದರೆ ಹೋದ ದನ, ಬಿಡಿಸದೇ ಉಳಿದ ಹತ್ತಿ, ರಾತ್ರಿ ಕಾವಲು, ಅದು ಇಲ್ಲಿಲ್ಲ. ಪರಿಹಾರ ಅಂತ ಸರ್ಕಾರ ಕೊಡುತ್ತೆ ನಿಜ. ಅದು ಸತ್ತ ಮೇಲೆ, ದಾಖಲೆ ಸೇರಿದ ಮೇಲೆ.

ಕೀನ್ಯಾದ ವಿಚಾರ ಇಲ್ಲಿ ಮತ್ತೆ ಬರುತ್ತೆ. ಬಂಡೀಪುರದ ನಡುಭಾಗ ಸುಮಾರು 872 ಚದರ ಕಿ.ಮೀ., ನಾಗರಹೊಳೆಯದು 643. ಎರಡೂ ಸೇರಿದರೆ 1,500 ಚಿಲ್ಲರೆ. ಮಸಾಯಿ ಮಾರಾ ಮೀಸಲು ಪ್ರದೇಶವೂ ಹೆಚ್ಚುಕಮ್ಮಿ ಅಷ್ಟೇ ಇದೆ. ಆದರೆ ಅದರ ಉತ್ತರಕ್ಕೆ ಮಸಾಯಿ ಕುಟುಂಬಗಳ ಸ್ವಂತ ಜಮೀನು. 2006ರ ಸುಮಾರಿನಿಂದ ಆ ಕುಟುಂಬಗಳು ಜಮೀನು ಒಟ್ಟು ಮಾಡಿ 'ಕನ್ಸರ್ವೆನ್ಸಿ' ಕಟ್ಟಿಕೊಂಡವು. ಲಾಡ್ಜ್ ನಡೆಸೋರು ಎಕರೆ ಲೆಕ್ಕದಲ್ಲಿ ಬಾಡಿಗೆ ಕೊಡ್ತಾರೆ, ಸಿಂಹ ಕಂಡರೂ ಕಾಣದಿದ್ದರೂ. ಅಲ್ಲೂ ಸ್ವರ್ಗ ಇಲ್ಲ. ಮೇವಿಗೆ ಜಾಗ ಕಡಿಮೆಯಾಯಿತು ಅಂತ ಜಗಳ ಇದೆ, 2020ರಲ್ಲಿ ಕೊರೊನಾದಿಂದ ಪ್ರವಾಸಿಗರು ನಿಂತಾಗ ಬಾಡಿಗೆಗೂ ಪೆಟ್ಟು ಬಿತ್ತು. ಆದರೂ ಆ ಖರ್ಚಿಗೆ ಬಿಲ್ಲಿನಲ್ಲಿ ಒಂದು ಸಾಲು ಇದೆ.

ನನಗೆ ಇನ್ನೂ ಹತ್ತಿರ ಅನ್ನಿಸಿದ್ದು ನೈರೋಬಿ. ನಗರಕ್ಕೆ ಅಂಟಿಕೊಂಡೇ 1946ರಿಂದ ಒಂದು ರಾಷ್ಟ್ರೀಯ ಉದ್ಯಾನ ಇದೆ, 117 ಚದರ ಕಿ.ಮೀ. ಮೂರು ಕಡೆ ಬೇಲಿ, ದಕ್ಷಿಣಕ್ಕೆ ತೆರೆದಿದೆ. ಆ ಕಡೆ ಕಿಟೆಂಗೆಲಾ, ಕಾರ್ಖಾನೆ, ಲೇಔಟ್, ಸಿಮೆಂಟ್. ಓದ್ತಾ ಓದ್ತಾ ಜಿಗಣಿ ನೆನಪಾಯಿತು. ಅಲ್ಲಿ 2000ದಲ್ಲಿ, ಬೇಲಿ ಹಾಕದೆ, ಮಾರದೆ ಜಮೀನು ಬಿಟ್ಟವರಿಗೆ ಎಕರೆಗೆ ವರ್ಷಕ್ಕೆ 4 ಡಾಲರ್ ಕೊಡೋ ಯೋಜನೆ ಶುರುವಾಗಿತ್ತು. 4 ಡಾಲರ್ ಏನೂ ಅಲ್ಲ, ರಿಯಲ್ ಎಸ್ಟೇಟ್ ಮುಂದೆ ನಿಲ್ಲೋ ಮೊತ್ತ ಅಲ್ಲ. ಅದೇ ಅಂಚಿನಲ್ಲಿ ರಿಚರ್ಡ್ ಟುರೆರೆ ಅನ್ನೋ ಹುಡುಗ ದನದ ದೊಡ್ಡಿ ಸುತ್ತ ಮಿಣುಕೋ ದೀಪ ಕಟ್ಟಿ ಸಿಂಹ ಓಡಿಸಿದ, 2013ರಲ್ಲಿ ಟೆಡ್ ವೇದಿಕೆ ಹತ್ತಿದ.

ನಮ್ಮದು ಬೇರೆ ಕಥೆ ಅಂತ ಅಂದ್ಕೋಬೇಡಿ. ಬನ್ನೇರುಘಟ್ಟ ಸುಮಾರು 260 ಚದರ ಕಿ.ಮೀ., ನಾನು ಈಗ ಕೂತಿರೋ ಜಾಗದಿಂದ ಬೈಕಿನಲ್ಲಿ ಹೋಗೋ ದೂರ. 2016ರ ಫೆಬ್ರವರಿಯಲ್ಲಿ ವೈಟ್‌ಫೀಲ್ಡ್ ಕಡೆ ಕುಂದಲಹಳ್ಳಿ ಹತ್ತಿರದ ಶಾಲೆಗೆ ಚಿರತೆ ನುಗ್ಗಿದ್ದು ನೆನಪಿರಬಹುದು. ಅದನ್ನ ಹಿಡಿದು ಬನ್ನೇರುಘಟ್ಟಕ್ಕೆ ಒಯ್ದರು, ಅಲ್ಲಿನ ಬೋನಿನಿಂದಲೂ ತಪ್ಪಿಸಿಕೊಂಡಿತು. 2023ರ ನವೆಂಬರ್‌ನಲ್ಲಿ ಕೂಡ್ಲು ಗೇಟ್ ಹತ್ತಿರ ಬಂದ ಚಿರತೆ ಸತ್ತೇ ಹೋಯಿತು. ಆ ಎರಡು ದಿನ ನಮ್ಮ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಏನು ಗಲಾಟೆ! ಮಕ್ಕಳನ್ನ ಕೆಳಗೆ ಬಿಡಬೇಡಿ, ವಾಕಿಂಗ್ ಬೇಡ, ಇಲಾಖೆ ಏನು ಮಾಡ್ತಿದೆ. ಎರಡು ದಿನ. ಹತ್ತಿ ಹೊಲದವರಿಗೆ ಅದು ಪ್ರತೀ ಸುಗ್ಗಿ.

ಸಫಾರಿ ಮುಚ್ಚಿಬಿಡಿ ಅಂತ ನಾನು ಹೇಳ್ತಿಲ್ಲ. ಮುಚ್ಚಿದರೆ ಆ ರೂಮ್ ಬಾಯ್ ಬೊಮ್ಮಸಂದ್ರಕ್ಕೋ ಪೀಣ್ಯಕ್ಕೋ ಬಂದು ಇನ್ನೊಂದು ಸೆಕ್ಯೂರಿಟಿ ಕುರ್ಚಿ ಹುಡುಕ್ತಾನೆ. ನನ್ನ ಬೇಡಿಕೆ ಚಿಕ್ಕದು. ಸಫಾರಿ ಟಿಕೆಟ್ಟಿನಿಂದ, ರೆಸಾರ್ಟ್ ಬಿಲ್ಲಿನಿಂದ ಇಂತಿಷ್ಟು ಅಂತ ಕಾಡಂಚಿನ ಊರುಗಳ ಹೆಸರಿಗೆ ಪ್ರತ್ಯೇಕ ಸಾಲು ಬರೀಲಿ. ಯಾವ ಊರಿಗೆ ಎಷ್ಟು ಹೋಯಿತು ಅಂತ ಗ್ರಾಮ ಪಂಚಾಯ್ತಿ ಬೋರ್ಡಿನ ಮೇಲೆ ಹಾಕಲಿ. ಮತ್ತೆ, ಸಂಜೆ ಫೋನ್ ಬಂದಾಗ ಊರಿಗೆ ಹೋಗೋ ಒಂದು ಜೀಪು ಸಫಾರಿಗಿಂತ ಮೊದಲು ಹೊರಡಲಿ. ನಮ್ಮ ಟೀಮಿನಲ್ಲಿ ಇದನ್ನ ಹೇಳಿದಾಗ ಒಬ್ಬರು 'ರೇಟ್ ಜಾಸ್ತಿ ಆಗುತ್ತಲ್ಲ' ಅಂದರು. ಆಗಲಿ. ಕೀನ್ಯಾದಲ್ಲಿ ದಿನಕ್ಕೆ 200 ಡಾಲರ್ ಕೊಟ್ಟವರ ಫೋಟೋ ನೋಡಿ ಲೈಕ್ ಒತ್ತಿದವರು ನಾವು.

ನನ್ನ ರಿಫಂಡ್ ಒಂಬತ್ತನೇ ದಿನ ಬಂತು. ಅಷ್ಟೂ ಬಂತು, ಒಂದು ರೂಪಾಯಿ ಕಡಿತ ಇಲ್ಲ. ಮೆಸೇಜ್ ನೋಡ್ತಾ ಗೇಟ್ ದಾಟ್ತಿದ್ದೆ, ಅಣ್ಣ ಫೋನಿನಲ್ಲಿದ್ದರು. ಸನ್ನೆ ಮಾಡಿ ನಿಲ್ಲಿಸಿದರು. ಫೋನ್ ಇಟ್ಟು, 'ಅಣ್ಣನ ಮಗ ಸಾರ್. ಇಲ್ಲಿ ಯಾವುದಾದ್ರೂ ಕಂಪನಿಯಲ್ಲಿ ಹೌಸ್‌ಕೀಪಿಂಗ್ ಇದ್ರೆ ಹೇಳಿ ಅಂತಿದ್ದಾನೆ. ಬೆಡ್‌ಶೀಟ್ ಚೆನ್ನಾಗಿ ಹಾಕ್ತಾನೆ, ಇಂಗ್ಲಿಷೂ ಸ್ವಲ್ಪ ಬರ್ತದೆ' ಅಂದರು. ಹುಡುಗನ ನಂಬರ್ ತಗೊಂಡಿದ್ದೀನಿ. ಎಲೆಕ್ಟ್ರಾನಿಕ್ ಸಿಟಿ ಕಡೆ ಯಾರಿಗಾದರೂ ಕೆಲಸ ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ.