ಹತ್ತೂರ ನೀರು ಕುಡಿದ ಗುಮಾಸ್ತ

2018ರ ಜನವರಿ 1. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಷ್‌ಫೀಲ್ಡ್ ಅನ್ನೋ ಕಡಲ ದಂಡೆಯ ಊರು. ಚಳಿ ಮೈನಸ್ 17 ಡಿಗ್ರಿ. ರಾತ್ರಿ ಹೊಸ ವರ್ಷ ಮಾಡಿದ ಜನ ಇನ್ನೂ ಮುಸುಕು ಹಾಕಿಕೊಂಡು ಮಲಗಿದ್ದಾರೆ. ಆ ಬೆಳಗ್ಗೆ ಅಲ್ಲೊಂದು ಮ್ಯಾರಥಾನ್. ಪೂರ್ತಿ 42.195 ಕಿಲೋಮೀಟರ್.

ಆ ಓಟದ ಫಲಿತಾಂಶದ ಪಟ್ಟಿ ತೆಗೆದು ನೋಡಿದ್ರೆ ಅದರಲ್ಲಿರೋದು ಒಂದೇ ಹೆಸರು. ಮೊದಲು ಬಂದವರೂ ಅವರೇ, ಕೊನೆಗೆ ಬಂದವರೂ ಅವರೇ. ಯೂಕಿ ಕವಾವುಚಿ, ಜಪಾನ್. 2 ಗಂಟೆ 18 ನಿಮಿಷ 59 ಸೆಕೆಂಡ್.

ಹಿಂದೆ ಬೆನ್ನಟ್ಟೋರು ಯಾರೂ ಇಲ್ಲ, ಮುಂದೆ ಹಿಡಿಯೋಕೆ ಯಾರೂ ಇಲ್ಲ. ಆದ್ರೂ ಕಿಲೋಮೀಟರಿಗೆ 3 ನಿಮಿಷ 18 ಸೆಕೆಂಡಿನ ಹಾಗೆ, ಮರಗಟ್ಟೋ ಚಳಿಯಲ್ಲಿ, ಒಬ್ಬರೇ ಓಡಿ ಮುಗಿಸಿದ್ರು. ಯಾಕಪ್ಪಾ ಅಂದ್ರೆ, ಲೆಕ್ಕ ಇತ್ತು. 2 ಗಂಟೆ 20 ನಿಮಿಷದ ಒಳಗೆ ಅವರು ಮುಗಿಸಿದ 76ನೇ ಮ್ಯಾರಥಾನ್ ಅದು. ಆ ಲೆಕ್ಕದ ವಿಶ್ವದಾಖಲೆ ಅಲ್ಲೀವರೆಗೆ ಅಮೆರಿಕದ ಡಗ್ ಕರ್ಟಿಸ್ ಹೆಸರಲ್ಲಿತ್ತು.

ಇನ್ನೊಂದು ವಿಷಯ ಹೇಳಲಿಲ್ಲ. ಈ ಮನುಷ್ಯ ಆಗ ವೃತ್ತಿಪರ ಓಟಗಾರ ಅಲ್ಲ. ಟೋಕಿಯೋ ಪಕ್ಕದ ಸೈತಾಮಾ ಪ್ರಾಂತ್ಯದಲ್ಲಿ ಸರ್ಕಾರಿ ಹೈಸ್ಕೂಲಿನ ಆಫೀಸಲ್ಲಿ ಗುಮಾಸ್ತ. ಫೈಲು, ಅರ್ಜಿ, ಫೀಸು, ರಸೀದಿ. ಓಟಕ್ಕೆ ಹೋಗಬೇಕಾದ್ರೆ ನಮ್ಮ ನಿಮ್ಮ ಹಾಗೇ ರಜೆ ಹಾಕಿ ಹೋಗಬೇಕು.

ಇವತ್ತು ಇವರ ಕಥೆ. ಭಾನುವಾರ ಬೆಳಗಿನ ಜಾವ ಕಬ್ಬನ್ ಪಾರ್ಕಿನಲ್ಲಿ ಓಡೋ ನಮ್ಮ ಗುಂಪಿನಲ್ಲಿ ಒಂದು ಮಾತು ಪದೇ ಪದೇ ಬರುತ್ತೆ. ಈ ವರ್ಷ ಮುಂಬೈ, ಮುಂದಿನ ವರ್ಷ ಲಡಾಖ್, ಆಮೇಲೆ ಬರ್ಲಿನ್. ಮನೆಯವರು ಕೇಳ್ತಾರೆ, ಓಡೋದಾದ್ರೆ ಇಲ್ಲೇ ಓಡಬಹುದಲ್ಲ, ಅಲ್ಲಿಗ್ಯಾಕೆ ಹೋಗಬೇಕು? ನ್ಯಾಯವಾದ ಪ್ರಶ್ನೆ. ನನ್ನ ಹತ್ರ ಅದಕ್ಕೆ ಸರಿಯಾದ ಉತ್ತರ ಇರಲಿಲ್ಲ. ಮೆಡಲ್ ನೇತು ಹಾಕೋ ಮೊಳೆ ಮಾತ್ರ ಇತ್ತು. ಉತ್ತರ ಸಿಕ್ಕಿದ್ದು ಈ ಗುಮಾಸ್ತರ ಹತ್ರ.

ಜಪಾನಿನಲ್ಲಿ ಮ್ಯಾರಥಾನ್ ಓಟಗಾರ ಅಂದ್ರೆ ಸಾಮಾನ್ಯವಾಗಿ ಒಂದು ಕಂಪನಿ ತಂಡದಲ್ಲಿರ್ತಾನೆ. ನಮ್ಮಲ್ಲಿ ರೈಲ್ವೆ, ಬ್ಯಾಂಕು, ಪೊಲೀಸ್ ಇಲಾಖೆ ಕಬಡ್ಡಿ ಆಟಗಾರರಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುತ್ತಲ್ಲ, ಹೆಚ್ಚು ಕಮ್ಮಿ ಹಾಗೆ. ಕಂಪನಿ ಸಂಬಳ ಕೊಡುತ್ತೆ, ಕೋಚ್ ಕೊಡುತ್ತೆ, ಜೊತೆಗೆ ಓಡೋಕೆ ಹತ್ತು ಜನ ಕೊಡುತ್ತೆ. ಬದಲಿಗೆ ಎಕಿಡೆನ್‌ನಲ್ಲಿ ಕಂಪನಿ ಪರವಾಗಿ ಓಡಬೇಕು. ಎಕಿಡೆನ್ ಅಂದ್ರೆ ರಸ್ತೆ ಮೇಲಿನ ರಿಲೇ, ಕೈಯಲ್ಲಿ ಕೋಲಿನ ಬದಲು ಹೆಗಲಿಗೆ ಒಂದು ಪಟ್ಟಿ. ಕಂಪನಿಗಳ ದೊಡ್ಡ ಎಕಿಡೆನ್ ನಡೆಯೋದು ಪ್ರತಿ ವರ್ಷ ಜನವರಿ 1ಕ್ಕೆ, ಗುನ್ಮಾ ಪ್ರಾಂತ್ಯದಲ್ಲಿ. ದೇಶವೇ ಟಿವಿ ಮುಂದೆ ಕೂತಿರುತ್ತೆ. ಅದೇ ದಿನ ಕವಾವುಚಿ ಮಾರ್ಷ್‌ಫೀಲ್ಡಿನಲ್ಲಿ ಒಬ್ಬರೇ ಓಡ್ತಾ ಇದ್ರು. ನನಗೆ ಇದು ಸುಮ್ಮನೆ ಕಾಕತಾಳೀಯ ಅಂತ ಅನ್ನಿಸೋದಿಲ್ಲ.

ಇವರನ್ನ ಚಿಕ್ಕಂದಿನಲ್ಲಿ ಓಡಿಸಿದ್ದು ಅಮ್ಮ. ಪಾರ್ಕಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ತಾ ಇದ್ರಂತೆ. ಹೈಸ್ಕೂಲಿನಲ್ಲಿ ದಿನಾ ಕಠಿಣ ತಾಲೀಮು ಮಾಡಿ ಕಾಲು ಕೆಡಿಸಿಕೊಂಡ್ರು. ಕಾಲೇಜಿಗೆ ಸೇರಿದ್ದು ಗಾಕುಶುಯಿನ್ ವಿಶ್ವವಿದ್ಯಾಲಯ. ಅದು ಓಟಕ್ಕೆ ಹೆಸರಾದ ಜಾಗ ಅಲ್ಲ. ಅಲ್ಲಿನ ಕೋಚ್ ತಾಲೀಮು ಕಡಿಮೆ ಮಾಡಿಸಿದ್ರು. ವಾರಕ್ಕೆ ಎರಡು ದಿನ ಮಾತ್ರ ಗಟ್ಟಿ ಓಟ, ಉಳಿದ ದಿನ ಆರಾಮಾಗಿ. ಕಾಲು ಉಳೀತು, ಟೈಮಿಂಗ್ ಸುಧಾರಿಸಿತು.

ಪದವಿ ಮುಗಿಸಿ ಕಂಪನಿ ತಂಡದ ಕಡೆ ಹೋಗದೆ ಪ್ರಾಂತ್ಯ ಸರ್ಕಾರದ ಕೆಲಸ ಹಿಡಿದ್ರು. ಮೊದಲ ವರ್ಷಗಳಲ್ಲಿ ಕಸುಕಾಬೆ ಅನ್ನೋ ಊರಿನ ಹೈಸ್ಕೂಲಿನಲ್ಲಿ, ಸಂಜೆ ತರಗತಿಗಳ ವಿಭಾಗ. ಡ್ಯೂಟಿ ಮಧ್ಯಾಹ್ನ ಒಂದರ ಹೊತ್ತಿಗೆ ಶುರುವಾದ್ರೆ ಮುಗಿಯೋದು ರಾತ್ರಿ ಒಂಬತ್ತು ದಾಟಿದ ಮೇಲೆ. ತಾಲೀಮಿಗೆ ಉಳಿಯೋದು ಬೆಳಗಿನ ಒಂದು ಹೊತ್ತು. ಕಂಪನಿ ಓಟಗಾರರು ದಿನಕ್ಕೆ ಎರಡು ಹೊತ್ತು ಓಡ್ತಾರೆ, ಮಧ್ಯೆ ಮಲಗ್ತಾರೆ, ಮಸಾಜ್ ಮಾಡಿಸಿಕೊಳ್ತಾರೆ. ಇವರಿಗೆ ಮಧ್ಯೆ ಆಫೀಸು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಮ್ಯಾರಥಾನಿಗೆ ಬರೀ ಓಡಿದ್ರೆ ಸಾಲದು, ದೂರವನ್ನ ವೇಗವಾಗಿ ಓಡಬೇಕು. ಮೂವತ್ತು, ಮೂವತ್ತೈದು ಕಿಲೋಮೀಟರ್ ಗಟ್ಟಿ ವೇಗದಲ್ಲಿ. ಒಬ್ಬರೇ ಮಾಡಿ ನೋಡಿ, ಗೊತ್ತಾಗುತ್ತೆ. ಇಪ್ಪತ್ತನೇ ಕಿಲೋಮೀಟರಿನಲ್ಲಿ ಮನಸ್ಸು ಹೇಳುತ್ತೆ, ಇವತ್ತು ಸಾಕು, ನಾಳೆ ನೋಡಿಕೊಳ್ಳೋಣ. ಪಕ್ಕದಲ್ಲಿ ಇನ್ನೊಬ್ಬರ ಉಸಿರು ಕೇಳಿಸ್ತಾ ಇದ್ರೆ ಆ ಮಾತು ಬರೋದಿಲ್ಲ. ಕಂಪನಿ ತಂಡದವರಿಗೆ ಆ ಉಸಿರು ದಿನಾ ಸಿಗುತ್ತೆ. ಈ ಗುಮಾಸ್ತರಿಗೆ ಎಲ್ಲಿಂದ ಬರಬೇಕು?

ಶನಿವಾರ ಭಾನುವಾರ ಎಲ್ಲಿ ಓಟ ಇದೆಯೋ ಅಲ್ಲಿಗೆ ಹೋಗೋದು! ಜೊತೆಗಾರರು ಅಲ್ಲೇ ಇರ್ತಾರೆ. ರಸ್ತೆ ಬಂದ್ ಮಾಡಿರ್ತಾರೆ, ನೀರು ಕೊಡೋರು ಇರ್ತಾರೆ, ದೂರ ಅಳೆದಿರ್ತಾರೆ, ಚಪ್ಪಾಳೆ ಪುಕ್ಕಟೆ. ಎಲ್ಲರೂ ಓಟಕ್ಕಾಗಿ ತಾಲೀಮು ಮಾಡ್ತಾರೆ. ಇವರು ತಾಲೀಮಿಗಾಗಿ ಓಟಕ್ಕೆ ಹೋದ್ರು. ಊರೂರು ಸುತ್ತೋದು ಇವರಿಗೆ ಶೋಕಿ ಆಗಿರಲಿಲ್ಲ. ಅದೇ ಇವರ ತಂಡ, ಅದೇ ಇವರ ಮೈದಾನ.

ಜಗತ್ತಿನ ದೊಡ್ಡ ಓಟಗಾರರು ಸಾಮಾನ್ಯವಾಗಿ ವರ್ಷಕ್ಕೆ ಎರಡು ಮ್ಯಾರಥಾನ್ ಓಡ್ತಾರೆ. ಕೀನ್ಯಾದ ದಿಗ್ಗಜ ಕಿಪ್ಚೋಗೆ ಲೆಕ್ಕವೂ ಹೆಚ್ಚು ಕಮ್ಮಿ ಅಷ್ಟೇ ಇತ್ತು. ಅದಕ್ಕೆ ಕಾರಣ ಇದೆ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಸುಮಾರು ಮೂವತ್ತು ಕಿಲೋಮೀಟರ್ ದಾಟೋ ಹೊತ್ತಿಗೆ ತಳ ಕಾಣುತ್ತೆ. ಓಟಗಾರರು ಅದನ್ನ ಗೋಡೆಗೆ ಡಿಕ್ಕಿ ಹೊಡೆದ ಹಾಗೆ ಅಂತಾರೆ. ಗ್ಲೈಕೋಜನ್ ಏನೋ ಎರಡು ಮೂರು ದಿನ ಅನ್ನ ತಿಂದ್ರೆ ತುಂಬುತ್ತೆ. ಆದ್ರೆ ಸ್ನಾಯುವಿನ ನಾರುಗಳು ಹರಿದಿರ್ತಾವಲ್ಲ, ಅದು ಕೂಡಿಕೊಳ್ಳೋಕೆ ವಾರಗಳೇ ಬೇಕು. ಶ್ರೀರಂಗಪಟ್ಟಣದ ಕಾಲುವೆ ಏರಿ ಮೇಲೆ ಕಾವೇರಿ ಟ್ರೇಲ್ ಓಡಿ ಬಂದ ಮೇಲೆ ನಾಲ್ಕು ದಿನ ನಾನು ಮೆಟ್ಟಿಲನ್ನ ಹಿಮ್ಮುಖವಾಗಿ ಇಳಿದಿದ್ದೀನಿ. ಪಕ್ಕದ ಮನೆ ಅಜ್ಜಿ ಅದನ್ನ ಇನ್ನೂ ಮರೆತಿಲ್ಲ.

ಕವಾವುಚಿ ಲೆಕ್ಕ ನೋಡಿ. 2013ರ ಜನವರಿ. ಈಜಿಪ್ಟಿನ ಲಕ್ಸರ್‌ನಲ್ಲಿ ಓಟ. ಪಾಸ್‌ಪೋರ್ಟ್ ಮರೆತು ವಿಮಾನ ನಿಲ್ದಾಣಕ್ಕೆ ಹೋಗಿದ್ರು. ವಿಮಾನ ತಪ್ಪಿತು. ನಾನಾಗಿದ್ರೆ ಮನೆಗೆ ಬಂದು ಹೊದ್ದು ಮಲಗ್ತಿದ್ದೆ. ಇವರು ಕೈಯಿಂದ ದುಡ್ಡು ಹಾಕಿ ಇನ್ನೊಂದು ಟಿಕೆಟ್ ಕೊಂಡು, ಹೋಗಿ, ಗೆದ್ದರು. 2 ಗಂಟೆ 12 ನಿಮಿಷ. ವಾಪಸ್ ಬಂದು ಎರಡು ವಾರಕ್ಕೆ ಜಪಾನಿನ ಬೆಪ್ಪು-ಓಯಿತಾದಲ್ಲಿ 2 ಗಂಟೆ 8 ನಿಮಿಷ 15 ಸೆಕೆಂಡ್, ಅಲ್ಲೂ ಗೆಲುವು. ಮಾರ್ಚಿನಲ್ಲಿ ಸೋಲ್, ಅಲ್ಲಿ ಇನ್ನೂ ಒಂದು ಸೆಕೆಂಡ್ ಬೇಗ. ಅದೇ ವರ್ಷ ಡಿಸೆಂಬರಿನಲ್ಲಿ ಫುಕುಓಕಾ 2 ಗಂಟೆ 9 ನಿಮಿಷ 5 ಸೆಕೆಂಡ್. ಎರಡು ವಾರ ಬಿಟ್ಟು ಹೋಫು, 2 ಗಂಟೆ 9 ನಿಮಿಷ 15 ಸೆಕೆಂಡ್. ಇದನ್ನ ಯಾವ ಕೋಚಿಗೆ ತೋರಿಸಿದ್ರೂ ತಲೆ ಮೇಲೆ ಕೈ ಇಟ್ಟುಕೊಳ್ತಾರೆ.

ಎಲ್ಲಾ ಸಲವೂ ಗೆಲುವೇ ಅಂತಲ್ಲ. 2011ರ ಟೋಕಿಯೋದಲ್ಲಿ ಮೂರನೆಯವರಾಗಿ, ಜಪಾನಿನವರಲ್ಲಿ ಮೊದಲನೆಯವರಾಗಿ ಬಂದಾಗ ದೇಶಕ್ಕೆ ದೇಶವೇ ಈ ಗುಮಾಸ್ತರ ಹಿಂದೆ ಬಿತ್ತು. ಮಾರನೇ ವರ್ಷ ಲಂಡನ್ ಒಲಿಂಪಿಕ್ಸಿಗೆ ಆಯ್ಕೆಯ ಓಟ ಅದೇ ಟೋಕಿಯೋದಲ್ಲಿ. 14ನೇ ಸ್ಥಾನ. ಒಲಿಂಪಿಕ್ಸ್ ಕೈತಪ್ಪಿತು. ಬೆಂಬಲಿಸಿದವರಿಗೆ ಕ್ಷಮೆ ಕೇಳ್ತೀನಿ ಅಂತ ತಲೆ ಬೋಳಿಸಿಕೊಂಡ್ರು. ನಮಗೆ ಇದು ಅತಿ ಅನ್ನಿಸಬಹುದು. ನನಗಂತೂ ಅನ್ನಿಸಿತು. ಯಾರ ದುಡ್ಡಲ್ಲೂ ಓಡದ ಮನುಷ್ಯ ಯಾರಿಗೆ ಯಾಕೆ ಕ್ಷಮೆ ಕೇಳಬೇಕು? ಸರ್ಕಾರಿ ನೌಕರ ಆದ್ದರಿಂದ ಪ್ರಾಯೋಜಕರನ್ನೂ ಇಟ್ಟುಕೊಳ್ಳೋ ಹಾಗಿರಲಿಲ್ಲ.

ಈಗ 2018ರ ಏಪ್ರಿಲ್ 16ಕ್ಕೆ ಬರೋಣ. ಬಾಸ್ಟನ್.

1897ರಿಂದ ನಡೀತಿರೋ ಓಟ. ಹಾಪ್‌ಕಿಂಟನ್ ಅನ್ನೋ ಊರಿಂದ ಪೂರ್ವಕ್ಕೆ ಬಾಸ್ಟನ್ ಕಡೆ, ಒಂದೇ ದಿಕ್ಕಿಗೆ. ಅಂದ್ರೆ ಎದುರುಗಾಳಿ ಬೀಸಿತು ಅಂದ್ರೆ 42 ಕಿಲೋಮೀಟರೂ ಎದೆಗೇ ಬೀಸುತ್ತೆ. ಆವತ್ತು ಬೀಸಿತು. ಜೊತೆಗೆ ಜಡಿಮಳೆ, ನಾಲ್ಕು ಡಿಗ್ರಿ ಆಸುಪಾಸಿನ ಚಳಿ. ಶ್ರೇಷ್ಠ ಓಟಗಾರರ ಮೈಯಲ್ಲಿ ಕೊಬ್ಬು ಅನ್ನೋದೇ ಇರೋದಿಲ್ಲ, ಹಾಕೋದು ಬನಿಯನ್ ಚಡ್ಡಿ. ನೆನೆದ ಮೈಗೆ ಗಾಳಿ ಹೊಡೆದ್ರೆ ಓಡಿ ಹುಟ್ಟೋ ಶಾಖಕ್ಕಿಂತ ಹೋಗೋ ಶಾಖ ಜಾಸ್ತಿ. ಬೆರಳು ಸೆಟೆದುಕೊಂಡು ಜೆಲ್ ಪೊಟ್ಟಣ ಹರಿಯೋಕಾಗೋದಿಲ್ಲ. ಹೆಸರಾಂತ ಓಟಗಾರರು ಒಬ್ಬೊಬ್ಬರಾಗಿ ನಡುದಾರಿಯಲ್ಲೇ ನಿಂತುಬಿಟ್ರು.

ಕವಾವುಚಿ ಮೊದಲ ಮೈಲಿಯನ್ನ 4 ನಿಮಿಷ 37 ಸೆಕೆಂಡಿನಲ್ಲಿ ಓಡಿದ್ರು. ಹುಚ್ಚು ವೇಗ ಅದು. ಉಳಿದವರು, ಓಡಲಿ ಬಿಡು, ಮುಂದೆ ಸುಸ್ತಾಗಿ ಸಿಗ್ತಾನೆ ಅಂದುಕೊಂಡಿರಬೇಕು. ಹಿಡಿದ್ರು, ಇವರು ಮತ್ತೆ ನುಗ್ಗಿದ್ರು. ಮತ್ತೆ ಹಿಡಿದ್ರು, ಮತ್ತೆ ನುಗ್ಗಿದ್ರು. ನ್ಯೂಟನ್ ಊರಿನ ಏರುಗಳ ಹತ್ರ ಹಿಂದಿನ ವರ್ಷದ ವಿಜೇತ ಕೀನ್ಯಾದ ಜೆಫ್ರಿ ಕಿರುಯಿ ಮುಂದೆ ಹೋದ್ರು. ಸಣ್ಣ ಅಂತರ ಅಲ್ಲ, ಹಿಂದಿನವರಿಗೆ ಕಾಣದಷ್ಟು. ಆಟ ಮುಗೀತು ಅಂತಲೇ ಎಲ್ಲರ ಲೆಕ್ಕ. ಕೊನೆಯ ಒಂದೆರಡು ಕಿಲೋಮೀಟರ್ ಇರುವಾಗ ಕಿರುಯಿ ಕಾಲು ಎಳೀತಾ ಇದ್ರು, ಪಕ್ಕದಲ್ಲಿ ಮಳೆ ಪರದೆ ಸೀಳಿಕೊಂಡು ಗುಮಾಸ್ತರು ಹಾದುಹೋದ್ರು. 2 ಗಂಟೆ 15 ನಿಮಿಷ 58 ಸೆಕೆಂಡ್. ಕಿರುಯಿ ಬಂದಿದ್ದು 2 ನಿಮಿಷ 25 ಸೆಕೆಂಡ್ ಆದ ಮೇಲೆ. 1987ರಲ್ಲಿ ತೋಶಿಹಿಕೋ ಸೆಕೋ ಗೆದ್ದ ಮೇಲೆ ಬಾಸ್ಟನ್ನಿನ ಪುರುಷರ ಓಟ ಗೆದ್ದ ಮೊದಲ ಜಪಾನೀಯ ಇವರು.

ಇದೇ ಟೈಮಿಂಗ್ ಈಚಿನ ಬೇರೆ ವರ್ಷಗಳಲ್ಲಿ ಹಾಕಿದ್ರೆ ಬಾಸ್ಟನ್ನಿನಲ್ಲಿ ಗೆಲುವಿನ ಹತ್ರಕ್ಕೂ ಬರೋದು ಕಷ್ಟ. ಆವತ್ತಿನ ಮಳೆ ಗೆಲ್ಲಿಸಿತು ಅಂತ ಕೆಲವರು ಅಂದ್ರು. ನಿಜ, ಅರ್ಧ ನಿಜ. ಮಳೆ ಎಲ್ಲರ ಮೇಲೂ ಒಂದೇ ಥರ ಸುರೀತು. ವರ್ಷಕ್ಕೆರಡು ಓಟ ಆರಿಸಿಕೊಂಡು, ಹವಾಮಾನ ನೋಡಿಕೊಂಡು, ತಿಂಗಳುಗಟ್ಟಲೆ ಸಾಣೆ ಹಿಡಿಸಿಕೊಂಡು ಬಂದವರಿಗೆ ಅದು ವಿಪತ್ತು. ಲಕ್ಸರಿನ ಮರಳುಗಾಡಿಂದ ಮಾರ್ಷ್‌ಫೀಲ್ಡಿನ ಹಿಮದವರೆಗೆ ಹತ್ತೂರ ನೀರು ಕುಡಿದವರಿಗೆ ಅದು ಇನ್ನೊಂದು ಭಾನುವಾರ, ಅಷ್ಟೇ. ಆವತ್ತು ಸೋಮವಾರ ಆಗಿತ್ತು ಅನ್ನೋದು ಬೇರೆ ಮಾತು. ಓಟ ಮುಗಿದ ಮೇಲೆ ಹವಾಮಾನದ ಬಗ್ಗೆ ಕೇಳಿದವರಿಗೆ ಅವರು ಕೊಟ್ಟ ಉತ್ತರದ ಸಾರ, ನನ್ನ ಪಾಲಿಗೆ ಇದಕ್ಕಿಂತ ಒಳ್ಳೆ ದಿನ ಇಲ್ಲ.

ಅಂದ ಹಾಗೆ, ಇದಕ್ಕೆ ಮೂರು ವಾರ ಮೊದಲು ಕುಕಿ ಅನ್ನೋ ತಮ್ಮೂರಿನ ಹಾಫ್ ಮ್ಯಾರಥಾನಿನಲ್ಲಿ ಇವರು ಪಾಂಡಾ ಕರಡಿ ವೇಷ ಹಾಕಿಕೊಂಡು ಓಡಿ ಎರಡನೇ ಸ್ಥಾನ ಪಡೆದಿದ್ರು. ಆ ವೇಷಕ್ಕೆ ಸೋತು ಹಿಂದೆ ಬಂದವರನ್ನ ನೆನೆಸಿಕೊಳ್ಳಿ.

ಆ ದಿನದ ಮಹಿಳೆಯರ ಓಟವನ್ನೂ ಹೇಳದೆ ಬಿಡೋಕಾಗೋದಿಲ್ಲ. ಗೆದ್ದವರು ಅಮೆರಿಕದ ಡೆಸ್ ಲಿಂಡೆನ್. ಮೈ ಸರಿಯಿಲ್ಲ, ಇವತ್ತು ಓಟ ಬಿಟ್ಟುಬಿಡ್ತೀನಿ ಅಂತ ಲಿಂಡೆನ್‌ಗೆ ಅನ್ನಿಸಿತ್ತು. ಹೇಗೂ ಬಿಡ್ತೀನಲ್ಲ ಅಂತ, ಓಟದ ಮಧ್ಯೆ ಶೌಚಾಲಯಕ್ಕೆ ಹೋದ ಸಹ ಓಟಗಾರ್ತಿ ಶಲೇನ್ ಫ್ಲಾನಗನ್‌ಗೆ ಕಾದು, ಜೊತೆಗೂಡಿ ಅವರನ್ನ ಗುಂಪಿಗೆ ಸೇರಿಸಿದ್ರು. ಆಮೇಲೆ ತಾವೇ ಗೆದ್ದರು! ಎರಡನೆಯವರಾಗಿ ಬಂದ ಸಾರಾ ಸೆಲ್ಲರ್ಸ್ ಅರಿಜೋನಾದ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡೋ ನರ್ಸ್. ಪೂರ್ಣಾವಧಿ ಕೆಲಸ. 180 ಡಾಲರ್ ಪ್ರವೇಶ ಶುಲ್ಕ ಕಟ್ಟಿ ಬಂದಿದ್ರು. ಗೆರೆ ದಾಟಿದಾಗ ತಾವು ಎರಡನೆಯವರು ಅಂತ ಅವರಿಗೇ ಗೊತ್ತಿರಲಿಲ್ಲ. ಬಹುಮಾನ 75,000 ಡಾಲರ್. ಮೂರನೆಯವರು ಕೆನಡಾದ ಕ್ರಿಸ್ಟಾ ಡುಶೇನ್, 41 ವರ್ಷ, ಮೂರು ಮಕ್ಕಳ ತಾಯಿ, ಆಹಾರತಜ್ಞೆ. ಆ ಮಳೆ ದಿನ ಕೆಲಸಕ್ಕೆ ಹೋಗೋ ಜನರ ದಿನ ಆಗಿತ್ತು.

ನೀವು ಇದನ್ನ ಕೇಳಿ ತಿಂಗಳಿಗೊಂದು ಮ್ಯಾರಥಾನಿಗೆ ಹೆಸರು ನೋಂದಾಯಿಸೋಕೆ ಹೊರಟಿದ್ರೆ ಸ್ವಲ್ಪ ತಡೀರಿ. ಕವಾವುಚಿಗೆ ವಾರಕ್ಕೆ ಎರಡೇ ಗಟ್ಟಿ ಓಟ, ಅದರಲ್ಲಿ ಒಂದು ವಾರಾಂತ್ಯದ ಸ್ಪರ್ಧೆ. ಅದರ ಮಧ್ಯೆ ಅವರು ಓಡೋ ಆರಾಮಿನ ಓಟ ನಿಜವಾಗ್ಲೂ ಆರಾಮು. ನಾವು ಮಾಡೋದು ಉಲ್ಟಾ. ಕೈಯಲ್ಲಿರೋ ವಾಚು ನೋಡಿಕೊಂಡು ದಿನಾ ಅರೆಗಟ್ಟಿ ಓಡಿ, ಓಟದ ದಿನ ಕುಂಟ್ತೀವಿ. ಗುಂಪಿನವರು ಹಾಕೋ ಸ್ಕ್ರೀನ್‌ಶಾಟಿಗೆ ಹೆದರಿ ಮಂಡಿ ಸವೆಸಿಕೊಂಡವರು ನನಗೇ ನಾಲ್ಕೈದು ಜನ ಗೊತ್ತು. ಒಬ್ಬ ನಾನೇ.

ಬಾಸ್ಟನ್ ಆದ ಮೇಲೆ ಅವರ ಕೈಗೆ ಬಂದಿದ್ದು ಒಂದೂವರೆ ಲಕ್ಷ ಡಾಲರ್. 2019ರಲ್ಲಿ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ವೃತ್ತಿಪರರಾದ್ರು. ಈಗಾದ್ರೂ ಓಟ ಕಡಿಮೆ ಮಾಡಿದ್ರಾ? ಇಲ್ಲ. 2 ಗಂಟೆ 20ರ ಒಳಗಿನ ಲೆಕ್ಕ ನೂರು ದಾಟಿತು. 2021ರ ಫೆಬ್ರವರಿಯಲ್ಲಿ ಬಿವಾ ಸರೋವರದ ದಡದಲ್ಲಿ, 33ನೇ ವಯಸ್ಸಿಗೆ, 2 ಗಂಟೆ 7 ನಿಮಿಷ 27 ಸೆಕೆಂಡ್. ಎಂಟು ವರ್ಷ ಅಲುಗಾಡದೆ ಕೂತಿದ್ದ ಸ್ವಂತ ದಾಖಲೆ ಕೊನೆಗೂ ಮುರೀತು. ಅಷ್ಟು ಹೊತ್ತಿಗೆ ಕಾರ್ಬನ್ ತಟ್ಟೆಯ ಶೂಗಳು ಬಂದಿದ್ವು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಆಮೇಲೆ 2023ರ ಅಕ್ಟೋಬರ್. ಪ್ಯಾರಿಸ್ ಒಲಿಂಪಿಕ್ಸಿಗೆ ಜಪಾನ್ ತಂಡ ಆರಿಸೋ ಓಟ, ಟೋಕಿಯೋದಲ್ಲಿ. ಮೊದಲ ಇಬ್ಬರಿಗೆ ನೇರ ಟಿಕೆಟ್. ಬೆಳಗ್ಗೆ ಎದ್ದು ನೋಡಿದ್ರೆ ಮಳೆ, ಚಳಿ. ಕವಾವುಚಿಗೆ ಆಗ 36. ಗುಂಡಿನ ಸದ್ದು ಕೇಳಿದ ಕೂಡಲೇ ಒಬ್ಬರೇ ಮುಂದೆ ನುಗ್ಗಿದ್ರು. ಹಿಂದೆ ಬಹುತೇಕ ಅವರಿಗಿಂತ ಚಿಕ್ಕವರ ದೊಡ್ಡ ಗುಂಪು, ಯಾರೂ ಬೆನ್ನು ಹತ್ತಲಿಲ್ಲ. ಹತ್ತು ಕಿಲೋಮೀಟರ್, ಇಪ್ಪತ್ತು, ಮೂವತ್ತು. ಮುಖ ಅಳೋರ ಹಾಗೆ ಸೊಟ್ಟ ಮಾಡಿಕೊಂಡು, ಭುಜ ಕುಣಿಸ್ತಾ, ಅದೇ ಹಳೇ ಶೈಲಿ. ಮೂವತ್ತೈದರ ಹತ್ರ ಗುಂಪು ಬಂದು ಹಿಡೀತು. ಹಿಡಿದ ಮೇಲೂ ಬಿಡಲಿಲ್ಲ, ಅವರ ಜೊತೆಗೇ ಎಳೆದುಕೊಂಡು ಹೋದ್ರು. ನಾಲ್ಕನೇ ಸ್ಥಾನ.