ಹಕ್ಕಿನ ಕಾವಲಿಗೆ ನಿಂತ ಒಂದು ಶಬ್ದ
(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಧರ್ಮಸಭೆಯಲ್ಲಿ ಕಾಯಿದೆಯ ಮಾತೇಕೆಂದು ಕೆಲವರಿಗೆ ತೋರಬಹುದು. ಮಠವು ತನ್ನ ಧಾರ್ಮಿಕ ವ್ಯವಹಾರಗಳನ್ನು ತಾನೇ ನಡೆಯಿಸಿಕೊಳ್ಳುವ ಹಕ್ಕು ಸಂವಿಧಾನದ 26ನೆಯ ಅನುಚ್ಛೇದದಲ್ಲಿ ಇರುವದು. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮದ್ರಾಸ್ ಪ್ರಾಂತದ ಧರ್ಮಾದಾಯ ಕಾಯಿದೆಯ ಹಲವು ಕಲಮುಗಳನ್ನು ಅಸಿಂಧುವೆಂದು ಸಾರಿದ್ದು ಇಂಥ ಅನುಚ್ಛೇದಗಳ ಬಲದಿಂದಲೇ. ಹೀಗೆ ನಮ್ಮ ಹಕ್ಕುಗಳೆಲ್ಲ ಶಬ್ದಗಳ ಮೇಲೆ ನಿಂತಿರುವಾಗ, ಆ ಶಬ್ದಗಳನ್ನು ಯಾರು ತೂಗಿದರು, ಎಲ್ಲಿ ತೂಗಿದರು ಎಂಬುದನ್ನು ತಿಳಿಯುವದು ಭಕ್ತಜನರಿಗೂ ಅವಶ್ಯ. ಬಹುತರವಾಗಿ ಅದು ನಡೆಯುವದು ಸಭಾಭವನದಲ್ಲಲ್ಲ, ಸಮಿತಿಯ ಕೋಣೆಯಲ್ಲಿ. ಕೂಡಿ ಕುಳಿತು ವಿಚಾರಿಸುವ ಪದ್ಧತಿಯು ಅನುಭವಮಂಟಪವನ್ನು ನೆನೆಯುವ ನಮಗೆ ಹೊಸದಲ್ಲ. ಆದರೂ ಎರಡನ್ನೂ ಒಂದೇ ಎನ್ನಲಾರೆ, ಸಮಿತಿಯಲ್ಲಿ ಪಕ್ಷವೂ ಇದೆ, ಮತಗಳ ಎಣಿಕೆಯೂ ಇದೆ.

ಸಂವಿಧಾನವು ಜಾರಿಗೆ ಬಂದದ್ದು 1950ನೆಯ ಜನವರಿ 26ರಂದು. ಆಗ ಮದ್ರಾಸ್ ಸರಕಾರವು ‘ಕ್ರಾಸ್ ರೋಡ್ಸ್’ ಎಂಬ ಎಡಪಂಥದ ಪತ್ರಿಕೆಯು ತನ್ನ ಪ್ರಾಂತವನ್ನು ಪ್ರವೇಶಿಸದಂತೆ ತಡೆದಿತ್ತು. ದಿಲ್ಲಿಯ ಅಧಿಕಾರಿಗಳು ‘ಆರ್ಗನೈಸರ್’ ಪತ್ರಿಕೆಯು ಅಚ್ಚಾಗುವ ಮೊದಲೇ ತಮಗೆ ತೋರಿಸತಕ್ಕದ್ದೆಂದು ಆಜ್ಞೆಮಾಡಿದ್ದರು. ಪರಸ್ಪರ ವಿರುದ್ಧ ಮತಗಳ ಈ ಎರಡು ಪತ್ರಿಕೆಗಳಿಗೂ 1950ನೆಯ ಮೇ 26ರಂದು, ಒಂದೇ ದಿನ, ಸರ್ವೋಚ್ಚ ನ್ಯಾಯಾಲಯವು ರಕ್ಷಣೆಯನ್ನಿತ್ತಿತು. ರಾಜ್ಯದ ಭದ್ರತೆಗೇ ಕುಂದು ಬರುವಾಗ ಮಾತನ್ನು ತಡೆಯಬಹುದು, ಬರಿಯ ಸಾರ್ವಜನಿಕ ಶಾಂತಿಯ ಹೆಸರಿನಿಂದ ತಡೆಯಲಾಗದು ಎಂಬುದೇ ಆ ತೀರ್ಪುಗಳ ತಾತ್ಪರ್ಯ.

ಸರಕಾರಕ್ಕೆ ಇದು ಹಿಡಿಸಲಿಲ್ಲ. 1951ನೆಯ ಮೇ 12ರಂದು ಪ್ರಧಾನಿ ಜವಾಹರಲಾಲ ನೆಹರೂ ಅವರು ಮೊದಲನೆಯ ತಿದ್ದುಪಡಿಯ ಮಸೂದೆಯನ್ನು ಮಂಡಿಸಿದರು. ಸಾರ್ವಜನಿಕ ಶಾಂತಿ, ಪರರಾಷ್ಟ್ರಗಳೊಡನೆ ಸ್ನೇಹ, ಅಪರಾಧಕ್ಕೆ ಪ್ರಚೋದನೆ ಎಂಬ ಮೂರು ಹೊಸ ಕಾರಣಗಳಿಂದ ವಾಕ್‌ಸ್ವಾತಂತ್ರ್ಯವನ್ನು ನಿರ್ಬಂಧಿಸಬಹುದೆಂದು ಅದರಲ್ಲಿತ್ತು. ಸಭೆ ಸೇರುವ, ಸಂಘ ಕಟ್ಟುವ, ಸಂಚರಿಸುವ ಹಕ್ಕುಗಳ ಮೇಲಣ ನಿರ್ಬಂಧವು ‘ಯುಕ್ತ’ವಾಗಿರಬೇಕೆಂದು ಮೂಲದಲ್ಲಿಯೇ ಇತ್ತು, ಮಾತಿನ ವಿಷಯದಲ್ಲಿ ಮಾತ್ರ ಮಸೂದೆಯು ಆ ಶಬ್ದವನ್ನು ಹೇಳಲಿಲ್ಲ. ಸಣ್ಣ ಲೋಪವೆಂದು ಎಣಿಸಬೇಡಿರಿ. ಆ ಶಬ್ದವಿಲ್ಲದಿದ್ದರೆ ಕಾಯಿದೆಯು ಶಾಂತಿಗೆ ಸಂಬಂಧಿಸಿದೆಯೇ ಎಂದಷ್ಟೇ ನ್ಯಾಯಾಧೀಶನು ಕೇಳಬಲ್ಲನು. ಮಿತಿಮೀರಿದೆಯೇ ಎಂದು ಕೇಳಲಾರನು. ಹೊಲಕ್ಕೆ ಬೇಲಿ ಬೇಕು, ನಿಜ. ಬೇಲಿಯೇ ಎದ್ದು ಹೊಲ ಮೇಯುವಾಗ ಯಾರಿಗೆ ದೂರು ಕೊಡೋಣ?

ಮಸೂದೆಯು ಸೆಲೆಕ್ಟ್ ಕಮಿಟಿಗೆ ಹೋಯಿತು. ಕಮಿಟಿಗೆ ದೊರೆತ ಅವಕಾಶವು ಕೆಲವೇ ದಿನಗಳದ್ದು. ಇಷ್ಟು ಗುರುತರವಾದ ಕಾರ್ಯಕ್ಕೆ ಅದು ಏನೂ ಸಾಲದೆಂದೇ ನನ್ನ ಅಭಿಪ್ರಾಯ. ಆದರೂ ವರದಿಯು ಹೊರಬಂದಾಗ ‘ಯುಕ್ತ’ವೆಂಬ ಶಬ್ದವು ಒಳಗೆ ಸೇರಿತ್ತು. ಶ್ಯಾಮಾಪ್ರಸಾದ ಮುಖರ್ಜಿ, ಹೃದಯನಾಥ ಕುಂಜರೂ ಮೊದಲಾದವರು ಅಷ್ಟಕ್ಕೆ ತೃಪ್ತರಾಗದೆ ಭಿನ್ನಮತದ ಟಿಪ್ಪಣಿಗಳನ್ನು ಬರೆದಿಟ್ಟರು. ಮಸೂದೆಯು 228 ಮತಗಳಿಂದ ಅಂಗೀಕೃತವಾಯಿತು. ವಿರೋಧಿಸಿದವರು 20 ಮಂದಿ ಮಾತ್ರ.

ಸಮಿತಿಯು ಎಲ್ಲವನ್ನೂ ಕಾಯಿತೆಂದು ನಾನು ಹೇಳುವದಿಲ್ಲ. ಅದೇ ತಿದ್ದುಪಡಿಯಿಂದ ಒಂಬತ್ತನೆಯ ಅನುಸೂಚಿಯು ಹುಟ್ಟಿ, 13 ಕಾಯಿದೆಗಳು ಹಕ್ಕುಗಳ ಒರೆಗಲ್ಲಿನಿಂದ ಪಾರಾದವು. ಜಮೀನುದಾರಿಯನ್ನು ತೊಲಗಿಸಿ ಉಳುವವನನ್ನು ಎತ್ತುವದು ಉದ್ದೇಶವಾಗಿತ್ತು, ಅದು ಒಳ್ಳೆಯದೇ. ಆದರೆ ತೆರೆದ ಬಾಗಿಲನ್ನು ಯಾರೂ ಮುಚ್ಚಲಿಲ್ಲ. ಆ ಪಟ್ಟಿಯು ಮುಂದೆ 280ನ್ನು ಮೀರಿ ಬೆಳೆಯಿತು. ಇನ್ನು 1976ರ 42ನೆಯ ತಿದ್ದುಪಡಿಯ ಸಿದ್ಧತೆಯಂತೂ ಆಳುವ ಪಕ್ಷವೇ ನೇಮಿಸಿದ ಸ್ವರಣಸಿಂಗ್ ಸಮಿತಿಯಲ್ಲಿ ನಡೆಯಿತು. ಭಿನ್ನಮತವನ್ನು ಬರೆಯಬೇಕಾದವರಲ್ಲಿ ಅನೇಕರು ಆಗ ಸೆರೆಮನೆಯಲ್ಲಿದ್ದರು.

ಆ ಒಂದು ಶಬ್ದವು ಮುಂದೆ ಏನು ಮಾಡಿತೆಂಬುದನ್ನು ಹೇಳಿ ಮುಗಿಸುತ್ತೇನೆ. ಉತ್ತರಪ್ರದೇಶದಲ್ಲಿ ನೀರಾವರಿಯ ಕರವನ್ನು ಏರಿಸಿದಾಗ, ಏರಿದ ಕರವನ್ನು ಕೊಡಬೇಡಿರೆಂದು ರಾಮಮನೋಹರ ಲೋಹಿಯಾ ಅವರು ರೈತರಿಗೆ ಭಾಷಣಮಾಡಿದರು. 1932ರ, ಬ್ರಿಟಿಷರ ಕಾಲದ, ಒಂದು ಕಾಯಿದೆಯ ಮೇರೆಗೆ ಅವರನ್ನು ಬಂಧಿಸಿದರು. ಆ ಭಾಷಣಕ್ಕೂ ಶಾಂತಿಭಂಗಕ್ಕೂ ನಿಕಟವಾದ ಸಂಬಂಧವನ್ನು ತೋರಿಸದ ನಿರ್ಬಂಧವು ಯುಕ್ತವೆನಿಸದೆಂದು ಸರ್ವೋಚ್ಚ ನ್ಯಾಯಾಲಯವು 1960ರಲ್ಲಿ ಆ ಕಲಮನ್ನು ತೊಡೆದುಹಾಕಿತು. 2015ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು ಬಿದ್ದುಹೋದಾಗಲೂ ನ್ಯಾಯಾಧೀಶರು ಕೈಗೆತ್ತಿಕೊಂಡ ತಕ್ಕಡಿಯು ಅದೇ, 1951ರ ಬೇಸಿಗೆಯಲ್ಲಿ ಕಮಿಟಿಯು ಸೇರಿಸಿದ ಆ ಶಬ್ದ.