ಸಾಕ್ಷಿಗಾಗಿ ಮಾತ್ರ ನೆನಪಾಗುವ ಉಸ್ತಾದರು

(ಯುವಕರ ಅಧ್ಯಯನ ಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ದೇಶಕ್ಕೆ ಮುಸ್ಲಿಮರ ಕೊಡುಗೆಯೇನು ಎಂಬ ಪ್ರಶ್ನೆ ಎದುರಾದಾಗಲೆಲ್ಲ ನಮ್ಮ ಭಾಷಣಕಾರರು ಒಂದು ಸಿದ್ಧ ಪಟ್ಟಿಯನ್ನು ಓದುತ್ತಾರೆ. 2001ರಲ್ಲಿ ಭಾರತರತ್ನ ಪಡೆದ ಶಹನಾಯಿ ವಾದಕ ಉಸ್ತಾದ್ ಬಿಸ್ಮಿಲ್ಲಾ ಖಾನರ ಹೆಸರು ಅದರಲ್ಲಿ ತಪ್ಪುವುದಿಲ್ಲ. ಚಪ್ಪಾಳೆಯೂ ತಪ್ಪುವುದಿಲ್ಲ. ಆದರೆ ಶಹನಾಯಿಗೂ ನಾದಸ್ವರಕ್ಕೂ ಇರುವ ವ್ಯತ್ಯಾಸವೇನೆಂದು ಯಾರಾದರೂ ಕೇಳಿದರೆ ವೇದಿಕೆಯ ಮೇಲಿದ್ದವರೂ ಕೆಳಗಿದ್ದವರೂ ಸಮಾನವಾಗಿ ಮೌನಿಗಳಾಗುತ್ತೇವೆ. ನಾವೂ ಆ ಪಟ್ಟಿಯನ್ನು ಹಲವು ಬಾರಿ ಓದಿದವರೇ. ದೇಶಪ್ರೇಮವನ್ನು ಶಂಕಿಸಿದಾಗ ಒಬ್ಬ ಕಲಾವಿದನನ್ನು ಸಾಕ್ಷಿಯಾಗಿ ಕರೆತರುವುದು, ಆರೋಪ ತಣ್ಣಗಾದ ಮೇಲೆ ಆತನ ವಿದ್ಯೆಯನ್ನು ಮರೆತುಬಿಡುವುದು, ಇದು ಆತನಿಗೆ ಸಲ್ಲಿಸುವ ಗೌರವವೇ?

ಈ ಮೇಜಿನ ಮೇಲೆ ಒಂದು ತಂಬೂರಿ ಇದೆ. ಪಟ್ಟಣದ ಸಂಗೀತ ಶಿಕ್ಷಕರೊಬ್ಬರು ಕಳುಹಿಸಿಕೊಟ್ಟದ್ದು. ವಾದ್ಯವನ್ನು ಈ ಸಭೆಗೆ ತರುವುದಕ್ಕೆ ನಮ್ಮ ಹಿರಿಯರೊಬ್ಬರು ಆಕ್ಷೇಪಿಸಿದ್ದರು. ಆದರೂ ಅವರು ಬಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರ ಔದಾರ್ಯಕ್ಕೆ ನಾವು ಋಣಿಗಳು. ಸಂಗೀತವನ್ನು ಆಲಿಸುವ ವಿಷಯದಲ್ಲಿ ವಿದ್ವಾಂಸರ ಭಿನ್ನಾಭಿಪ್ರಾಯ ಇಂದಿನದಲ್ಲ. ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಅದಕ್ಕಾಗಿ ಒಂದು ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟು, ಷರತ್ತುಗಳೊಡನೆ ಅವಕಾಶ ನೀಡಿದರು; ಇಬ್ನುಲ್ ಜೌಝಿಯವರು ಕಟುವಾಗಿ ವಿರೋಧಿಸಿದರು. ಆ ವಾದವನ್ನು ಇಲ್ಲಿ ಇತ್ಯರ್ಥಗೊಳಿಸುವ ಅರ್ಹತೆ ನಮಗಿಲ್ಲ. ಆದರೆ ಹತ್ತನೆಯ ಶತಮಾನದ ದಾರ್ಶನಿಕ ಅಲ್ ಫಾರಾಬಿ 'ಕಿತಾಬುಲ್ ಮೂಸೀಖಾ ಅಲ್ ಕಬೀರ್' ಎಂಬ ಬೃಹದ್ಗ್ರಂಥವನ್ನು ರಚಿಸಿ, ಬಗ್ದಾದಿನ ಮತ್ತು ಖುರಾಸಾನಿನ ತಂಬೂರ್‌ಗಳಲ್ಲಿ ಸ್ವರಗಳ ಸ್ಥಾನ ಯಾವುದೆಂದು ಗಣಿತದಿಂದ ವಿವರಿಸಿದರು. ಕೇಳುವ ವಿಷಯದಲ್ಲಿ ಭಿನ್ನಾಭಿಪ್ರಾಯವಿರಲಿ, ಅರಿಯುವ ವಿಷಯದಲ್ಲಿ ಸಂಕೋಚವೇಕೆ?

ಫಾರಾಬಿಯವರ ತಂಬೂರಿನಲ್ಲಿ ಬೆರಳೊತ್ತಿ ರಾಗ ನುಡಿಸುತ್ತಿದ್ದರು. ನಮ್ಮ ತಂಬೂರಿಯಲ್ಲಿ ಬೆರಳೊತ್ತುವ ಮೆಟ್ಟಿಲುಗಳೇ ಇಲ್ಲ. ನಾಲ್ಕು ತಂತಿಗಳು: ಒಂದು ಪಂಚಮ, ಎರಡು ಷಡ್ಜ, ಕೊನೆಯದು ಹಿತ್ತಾಳೆಯ ತಂತಿಯ ಮಂದ್ರ ಷಡ್ಜ. ಹಾಡು ಮುಗಿಯುವವರೆಗೂ ಇವು ಅದನ್ನೇ ನುಡಿಯುತ್ತಿರುತ್ತವೆ. ಹಾಗಾದರೆ ಇದರಲ್ಲಿ ವಿಶೇಷವೇನು? ತಂತಿಯ ಕೆಳಗಿರುವ ಕುದುರೆಯನ್ನು ಗಮನಿಸಿರಿ. ಅದರ ಮೇಲ್ಮೈ ಚಪ್ಪಟೆಯಾಗಿ ಕಂಡರೂ ಕಣ್ಣಿಗೆ ತಿಳಿಯದಷ್ಟು ಉಬ್ಬಿದೆ. ತಂತಿಗೂ ಕುದುರೆಗೂ ನಡುವೆ ಒಂದು ನೂಲಿನ ಎಳೆಯಿದೆ. ಮೀಟಿದ ತಂತಿಯು ಆ ಉಬ್ಬನ್ನು ಸವರಿ ಸವರಿ ಝೇಂಕರಿಸುತ್ತದೆ. ಕುದುರೆಯನ್ನು ಹೀಗೆ ಅರದಿಂದ ಉಜ್ಜಿ ಹದಗೊಳಿಸುವುದಕ್ಕೆ ಜವಾರಿ ತೆಗೆಯುವುದು ಎನ್ನುತ್ತಾರೆ. (ಉತ್ತರ ಕರ್ನಾಟಕದ ಸಹೋದರರು ನಾಟಿ ತಳಿಗೆ ಹೇಳುವ ಜವಾರಿಯಲ್ಲ ಇದು!)

ತಂತಿಯು ಇಡಿಯಾಗಿ ಕಂಪಿಸುವುದರ ಜೊತೆಗೆ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತದೆ. ಷಡ್ಜದ ತಂತಿಯ ಮೂರನೆಯ ಕಂಪನದಲ್ಲಿ ಪಂಚಮವಿದೆ, ಐದನೆಯದರಲ್ಲಿ ಗಾಂಧಾರವಿದೆ. ಗಾಂಧಾರದ ತಂತಿ ಈ ವಾದ್ಯದಲ್ಲಿಲ್ಲ, ಆದರೂ ಶ್ರುತಿ ಸೇರಿದಾಗ ಗಾಂಧಾರ ಕೇಳಿಸುತ್ತದೆ! ತಂತಿಯನ್ನು ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಏಳಲಾರವು ಎಂಬುದು ಯುರೋಪಿನ ವಿಜ್ಞಾನಿಗಳ ನಿಯಮವಾಗಿತ್ತು. ವೀಣೆ ಮತ್ತು ತಂಬೂರಿಗಳ ಕುದುರೆ ಆ ನಿಯಮವನ್ನು ಮೀರುತ್ತದೆಂದು ಸರ್ ಸಿ.ವಿ. ರಾಮನ್ 1921ರಲ್ಲಿ ಪ್ರಬಂಧ ಬರೆದರು. ಹಾರ್ಮೋನಿಯಮ್ಮಿನ ಗಾಂಧಾರವು ಈ ಗಾಂಧಾರಕ್ಕಿಂತ ತುಸು ಏರಿರುತ್ತದೆ. ಇಂತಹ ಕಾರಣಗಳಿಂದಲೇ ಆಕಾಶವಾಣಿಯು 1940ರಲ್ಲಿ ಅದನ್ನು ಹೊರಗಿಟ್ಟು, 1971ರಲ್ಲಷ್ಟೇ ನಿಷೇಧವನ್ನು ಸಡಿಲಿಸಿತು. ನಮ್ಮ ಕವ್ವಾಲರಿಗೆ ಮಾತ್ರ ಅದಿಲ್ಲದೆ ನಡೆಯದು.

ವಿಜ್ಞಾನಿಗಿಂತ ಮೊದಲೇ ಕುದುರೆಯ ಈ ಗುಟ್ಟು ಕುಶಲಕರ್ಮಿಗಳ ಕೈಗೆ ತಿಳಿದಿತ್ತು. ಅವರಲ್ಲಿ ಬೆಳಗಾವಿಯ ರೈಲು ಮಾರ್ಗದಲ್ಲಿರುವ, ಮಹಾರಾಷ್ಟ್ರದ ಮೀರಜಿನ ಶಿಕಲಗಾರರೂ ಇದ್ದಾರೆ. ಶಿಕಲಗಾರರೆಂದರೆ ಕತ್ತಿ ಕಠಾರಿಗಳಿಗೆ ಸಾಣೆ ಹಿಡಿಯುವ ಮುಸ್ಲಿಮರು. ಹತ್ತೊಂಬತ್ತನೆಯ ಶತಮಾನದಲ್ಲಿ ಸಂಸ್ಥಾನಗಳ ಸೈನ್ಯಗಳು ಕರಗಿ ಖಡ್ಗಕ್ಕೆ ಗಿರಾಕಿಗಳಿಲ್ಲವಾದಾಗ, ಫರೀದ್ ಸಾಹೇಬರೆಂಬವರೂ ಅವರ ಬಂಧುಗಳೂ ಸಿತಾರ್-ತಂಬೂರಿಗಳನ್ನು ದುರಸ್ತಿ ಮಾಡುತ್ತ ತಯಾರಿಕೆಯನ್ನೇ ಕಲಿತರು. ಮುಂದೆ 'ಸಿತಾರ್‌ಮೇಕರ್' ಎಂಬುದೇ ಮನೆತನದ ಹೆಸರಾಯಿತು. ಪಂಢರಪುರದ ಸುತ್ತಮುತ್ತ ಬೆಳೆಯುವ ದಪ್ಪ ಸೋರೆಯನ್ನು ಒಣಗಿಸಿ ಬುರುಡೆ ಮಾಡುತ್ತಾರೆ. ತೂನ್ ಮರದಿಂದ ದಂಡಿ ಕೆತ್ತುತ್ತಾರೆ. ಕತ್ತಿಗೆ ಅಲಗು ಕೊಡುತ್ತಿದ್ದ ಕೈಯೇ ಕುದುರೆಗೆ ಜವಾರಿ ಕೊಟ್ಟಿತು. ಉದ್ಯೋಗ ಕಳೆದುಕೊಂಡ ಒಂದು ಸಮುದಾಯವು ಗೊಣಗುತ್ತ ಕೂರಲಿಲ್ಲ ಎಂಬುದನ್ನು ಇಲ್ಲಿರುವ ತರುಣರು ಗಮನಿಸಬೇಕು.

ಅದೇ ಮೀರಜಿನಲ್ಲಿ ನೆಲೆಸಿದವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಉತ್ತರ ಪ್ರದೇಶದ ಕೈರಾನಾದಲ್ಲಿ 1872ರಲ್ಲಿ ಜನಿಸಿದವರು. ವಾದ್ಯದ ದುರಸ್ತಿಯನ್ನೂ ಬಲ್ಲವರಾಗಿದ್ದರು. ಮನೆತನದ ವಿದ್ಯೆಯನ್ನು ಮನೆಯೊಳಗೇ ಬಚ್ಚಿಡುತ್ತಿದ್ದ ಕಾಲದಲ್ಲಿ ಅವರು ಪುಣೆಯಲ್ಲಿ ಶಾಲೆ ತೆರೆದು ಅದಕ್ಕೆ 'ಆರ್ಯ ಸಂಗೀತ ವಿದ್ಯಾಲಯ' ಎಂದು ಹೆಸರಿಟ್ಟರು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಅವರ ಶಿಷ್ಯರು. ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು. ಹಾಡುವ ಹೆಣ್ಣೆಂದು ಜಾತಿವಂತರಿಂದ ಅವಮಾನವನ್ನು ಉಂಡೇ ಆಕೆ ಕಲಿತದ್ದು. ಗದಗಿನ ಬಾಲಕ ಭೀಮಸೇನ ಜೋಶಿಯು ಖಾನ್ ಸಾಹೇಬರ ಝಿಂಝೋಟಿ ಠುಮ್ರಿಯ ಗ್ರಾಮಫೋನ್ ತಟ್ಟೆ ಕೇಳಿ ಮನಸೋತು, 1933ರಲ್ಲಿ ಗುರುವನ್ನರಸಿ ಮನೆಬಿಟ್ಟು ಓಡಿದ. 1937ರಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಖಾನ್ ಸಾಹೇಬರು ನಿಧನರಾದರು. ಮೀರಜಿನ ಖ್ವಾಜಾ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಅವರ ಗಾಯನ ಕನ್ನಡ ನಾಡಿನಲ್ಲಿ ಇಂದಿಗೂ ಉಳಿದಿರುವುದು ಬಹುಪಾಲು ಅನ್ಯರ ಮಕ್ಕಳ ಕಂಠದಲ್ಲಿ. ನಮ್ಮ ಮನೆಗಳಲ್ಲಿ ಅವರ ಹೆಸರು ಕೇಳಿದವರೆಷ್ಟು ಮಂದಿ?

ತಂಬೂರಿಯ ಜಾಗಕ್ಕೆ ಈಗ ವಿದ್ಯುತ್ ಶ್ರುತಿಪೆಟ್ಟಿಗೆ ಬಂದಿದೆ. ಅದರ ಜಾಗಕ್ಕೂ ಮೊಬೈಲು ಬಂದಿದೆ. ತಿಂಗಳುಗಟ್ಟಲೆ ದುಡಿದು ವಾದ್ಯ ಕಟ್ಟುವವನ ಮಗ ಅದೇ ವೃತ್ತಿಯಲ್ಲಿ ಉಳಿಯಬೇಕೆಂದು ಹೊಟ್ಟೆ ತುಂಬಿದ ನಾವು ಉಪದೇಶಿಸುವುದು ಸುಲಭ. 2024ರಲ್ಲಿ ಮೀರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಹೆಸರಿನ ದುರ್ಬಳಕೆ ಅದರಿಂದ ತಡೆಯಬಹುದು. ಆದರೆ ಗಿರಾಕಿಗಳನ್ನು ಅದು ತಂದುಕೊಡದು.

ನಮ್ಮ ಮಾತು ಇಲ್ಲಿಗೆ ಸಾಕು. ಅಧ್ಯಕ್ಷರ ಅಪ್ಪಣೆ ಪಡೆದು, ಆಸಕ್ತರು ಈ ಮೇಜಿನ ಬಳಿಗೆ ಬರಬಹುದು. ಮಕ್ಕಳು ಮೊದಲು ಬರಲಿ. ತಂತಿಯನ್ನು ಎಳೆಯಬೇಡಿರಿ, ಬೆರಳ ಬದಿಯಿಂದ ಮೆಲ್ಲನೆ ನೇವರಿಸಿರಿ. ಆಮೇಲೆ ಆ ನೂಲಿನ ಎಳೆಯನ್ನು ತುಸು ಸರಿಸಿ, ಇನ್ನೊಮ್ಮೆ ಮೀಟಿ, ನಾದ ಹೇಗೆ ಮಂಕಾಗುತ್ತದೆಂದು ಕೇಳಿರಿ. ವಾದ್ಯವನ್ನು ಸಂಜೆಯೊಳಗೆ ಮಾಸ್ತರರಿಗೆ ಹಿಂದಿರುಗಿಸಬೇಕಾಗಿದೆ.